ಪರಿಸರ ಕುಸಿದ ಓಣಿ

ಜಗತ್ತಿನಲ್ಲಿ ಸಮಸ್ಯೆಗಳಿಗೇನು ಬರವೇ ಎಂದು ಎಲ್ಲರೂ ಸುಲಭವಾಗಿ ಹೇಳಿಬಿಡುತ್ತಾರೆ. ಹಾಗೆ ಹೇಳುವವರಿಗೆ ಅವುಗಳಲ್ಲಿ ಒಂದನ್ನು ಆರಿಸಿ, ಒಂದು ಹಾಳೆಯ ಮೇಲೆ ಅಚ್ಚುಕಟ್ಟಾಗಿ ಬರೆದು, ಸೋಮವಾರದೊಳಗೆ ಪ್ರಿನ್ಸಿಪಾಲರ ಮೇಜಿನ ಮೇಲೆ ಇಡುವ ಪ್ರಸಂಗ ಬಂದಿರಲಿಕ್ಕಿಲ್ಲ. ನನಗೆ ಬಂದಿತ್ತು. ಆರಿಸುವುದೆಂದರೆ ನನಗೆ ಮೊದಲಿನಿಂದಲೂ ಆಗದ ಕೆಲಸ. ಸೀರೆ ಅಂಗಡಿಯಲ್ಲಿ ನನ್ನ ಅಮ್ಮ ಅಂಗಡಿಯವನು ಕೊಟ್ಟ ಚಹಾ ಮುಗಿಸುವುದರೊಳಗೆ ಎರಡು ಸೀರೆ ಆರಿಸಿ, ಒಂದನ್ನು ಬೇಡವೆಂದು ಸರಿಸಿ, ಮತ್ತೆ ಅದನ್ನೇ ಎಳೆದುಕೊಂಡು ಕಟ್ಟಿಸಿರುತ್ತಾಳೆ. ಅಷ್ಟು ಹೊತ್ತೂ ನಾನು ಗೋಡೆಯ ಮೇಲಿನ ‘ಮಾರಿದ ಮಾಲನ್ನು ವಾಪಸ ಪಡೆಯಲಾಗುವದಿಲ್ಲ’ ಎಂಬ ಬೋರ್ಡನ್ನು ನೋಡುತ್ತ, ‘ವಾಪಸ’ಕ್ಕೂ ‘ಗುವದಿಲ್ಲ’ದ ‘ವ’ಕ್ಕೂ ತಪ್ಪಿಹೋದ ಕೊಂಬುಗಳನ್ನು ಮನಸ್ಸಿನಲ್ಲೇ ಕೊಡುತ್ತ ಕೂತಿರುತ್ತೇನೆ. ಇದು ನನ್ನ ಎರಡನೆಯ ದೋಷ. ತಪ್ಪು ಅಕ್ಷರ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಮ್ಮೆ ಗೆಳತಿಯೊಬ್ಬಳ ಲಗ್ನಪತ್ರಿಕೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅವಳಿಗೇ ತಿರುಗಿ ಕೊಟ್ಟಿದ್ದೆ. ಮದುವೆಗೆ ಹೋದಾಗ ಊಟಕ್ಕೇನೋ ಕೂರಿಸಿದರು, ಫೋಟೋಕ್ಕೆ ಮಾತ್ರ ಯಾರೂ ಕರೆಯಲಿಲ್ಲ.

ಆಗ ನಾನು ಕಮಲಾಪುರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಕಾಯಂ ನೌಕರಿಯಲ್ಲ. ಪ್ರತಿ ವರ್ಷದ ಕೊನೆಗೆ ‘ಮುಂದಿನ ವರ್ಷ ನೋಡೋಣ’ ಎನ್ನುವ ಜಾತಿಯದು. ಆದರೂ ಆ ನೌಕರಿಯ ಮೇಲೆ ನನಗೆ ವಿಪರೀತ ಪ್ರೀತಿಯಿತ್ತು. ಕಾರಣ ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ: ಬಸ್ಸು. ಕಲಬುರಗಿಯ ಸೇಡಂ ರಸ್ತೆಯ ಹಿಂಬದಿಯಲ್ಲಿ ನಮ್ಮ ಮನೆ. ಅಜ್ಜಿ, ಅಪ್ಪ, ಅಮ್ಮ, ಕಾಕಾ, ಕಾಕು, ಅವರ ಮಕ್ಕಳು, ಎಲ್ಲ ಸೇರಿ ಒಂಬತ್ತು ಮಂದಿ. ಆ ಮನೆಯಲ್ಲಿ ಒಳಗಿನಿಂದ ಚಿಲಕವಿರುವುದು ಬಚ್ಚಲ ಬಾಗಿಲೊಂದಕ್ಕೇ. ಅಲ್ಲಿಯೂ ಐದು ನಿಮಿಷಕ್ಕೆ ಹೊರಗಿನಿಂದ ‘ಏನು ಮಾಡ್ಲಿಕತ್ತೀ?’ ಎಂಬ ಪ್ರಶ್ನೆ ಬರುತ್ತದೆ. ಬಚ್ಚಲಲ್ಲಿ ಏನು ಮಾಡುತ್ತಾರೆ! ಕಮಲಾಪುರದ ಬಸ್ಸಿನಲ್ಲಿ ಮಾತ್ರ ಹೋಗುವಾಗ ಒಂದು ತಾಸು, ಬರುವಾಗ ಒಂದು ತಾಸು ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ತಾಜಸುಲ್ತಾನಪುರದ ಕಡೆಯವರು ಇಳಿದ ಮೇಲೆ ಬಸ್ಸು ತುಸು ಸಡಿಲಾಗುತ್ತಿತ್ತು. ಕಿಟಕಿಯ ಪಕ್ಕ ಕೂತು ತೊಗರಿ ಹೊಲಗಳನ್ನು ನೋಡುತ್ತ ಹೋಗುವ ಆ ಒಂದು ಸೀಟು, ಒಂಬತ್ತು ಮಂದಿಯ ಮನೆಯಲ್ಲಿ ನನಗೆ ಸಿಗದ ಸ್ವಂತ ಕೋಣೆಯಾಗಿತ್ತು. ನೌಕರಿ ಹೋದರೆ ಕೋಣೆಯೂ ಹೋಗುತ್ತಿತ್ತು.

ಪದವಿ ತರಗತಿಗಳಿಗೆ ಪರಿಸರದ ಪಾಠ ಕಡ್ಡಾಯವಾದ ಹೊಸತು. ಅದರ ಬೆನ್ನಿಗೇ, ಪ್ರತಿ ಕಾಲೇಜೂ ತನ್ನ ಸುತ್ತಲಿನ ಒಂದು ಪರಿಸರ ಸಮಸ್ಯೆಯನ್ನು ಆರಿಸಿಕೊಂಡು ವರ್ಷಪೂರ್ತಿ ಅದರ ಮೇಲೆ ಕೆಲಸ ಮಾಡಬೇಕು, ಮಾಡಿದ ಕೆಲಸ ಮುಂದೆಯೂ ಬಾಳಿಕೆ ಬರುವಂತಿರಬೇಕು ಎಂದು ಕಲಬುರಗಿಯ ವಿಶ್ವವಿದ್ಯಾಲಯದಿಂದ ಒಂದು ಪತ್ರ ಬಂತು. ಕಾಲೇಜಿನಲ್ಲಿ ಯಾವ ಕೆಲಸ ಯಾರದೂ ಅಲ್ಲವೋ ಅದು ಎಲ್ಲರಿಗಿಂತ ಹೊಸಬರದಾಗಿರುತ್ತದೆ. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

‘ಒಂದ್ ಸಮಸ್ಯಾ ಆರಿಸ್ರಿ ಮೇಡಂ. ಭಾಳ ದೊಡ್ಡದು ಬ್ಯಾಡ, ನಮ್ಮ ಕೈಲೆ ಆಗಂಗಿಲ್ಲ. ಭಾಳ ಸಣ್ಣದೂ ಬ್ಯಾಡ, ಕಲಬುರ್ಗಿಯವರು ನಗ್ತಾರ.’ ಆಮೇಲೆ ದನಿ ತಗ್ಗಿಸಿದರು. ‘ಕಮಿಟಿಯವರು ನೋಡಲಿಕ್ಕ ಬರ್ತಾರ್ರೀ. ಇದೊಂದು ನೆಟ್ಟಗ ಆತಂದ್ರ ಮುಂದಿನ ವರ್ಷಾನೂ ನೀವೇ. ಇಲ್ಲಂದ್ರ, ಆಡಳಿತ ಮಂಡಳಿ ಮುಂದ ನಂಗ ಮಾತಾಡ್ಲಿಕ್ಕ ಬಾಯಿ ಇರಂಗಿಲ್ಲ ನೋಡ್ರಿ.’

ಅಂದಿನಿಂದ ನಾನು ಸಮಸ್ಯೆ ಹುಡುಕತೊಡಗಿದೆ. ನನ್ನದೊಂದು ಗುಪ್ತ ಷರತ್ತಿತ್ತು: ಆ ಸಮಸ್ಯೆಗಾಗಿ ನಾನು ಯಾರ ಮನೆಗೂ ಹೋಗಿ ಯಾರ ಜೊತೆಗೂ ಮಾತನಾಡುವಂತಿರಬಾರದು. ಮನೆಯಲ್ಲಿ ವಿಷಯ ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಎಲ್ಲರ ಹತ್ತಿರವೂ ಒಂದೊಂದು ಪರಿಸರ ಸಮಸ್ಯೆ ತಯಾರಿತ್ತು, ಮತ್ತು ಪ್ರತಿಯೊಂದಕ್ಕೂ ಒಬ್ಬ ಮನುಷ್ಯನ ಹೆಸರಿತ್ತು. ಕಾಕುವಿನ ಪ್ರಕಾರ ಕಲಬುರಗಿಯ ಪರಿಸರ ಕೆಟ್ಟಿದ್ದು ಪಕ್ಕದ ಮನೆಯವರ ಕೂಲರಿನ ನೀರಿನಿಂದ. ಅಮ್ಮನ ಪ್ರಕಾರ ಹಿಂದಿನ ಮನೆಯ ಗಿರಣಿಯಿಂದ. ನಾಲ್ಕು ಪತ್ರಿಕೆ ಓದುವ ಕಾಕಾ ಮಾತ್ರ, ‘ಇವೆಲ್ಲ ಓಣಿ ಜಗಳ. ನೀ ಓಝೋನ್ ತಗೋ. ಜಗತ್ತೆಲ್ಲ ಅದನ್ನ ಮಾತಾಡ್ಲಿಕತ್ತದ. ಅದಕ್ಕ ತೂತು ಬಿದ್ದದ,’ ಎಂದರು. ಅಜ್ಜಿ ಬೀಸಣಿಗೆ ನಿಲ್ಲಿಸಿ, ‘ತೂತು ಬಿದ್ದದ್ದು ಖರೇ ಇದ್ರ ಇಷ್ಟು ಸೆಕಿ ಯಾಕೋ? ಗಾಳಿ ಬರಬೇಕಲ್ಲ?’ ಎಂದು ಕೇಳಿದರು. ಕಾಕಾ ಪತ್ರಿಕೆ ಮಗುಚಿದರು.

ನನಗೆ ಓಝೋನ್ ಬಹಳ ಹಿಡಿಸಿತು. ಅದು ದೂರವಿತ್ತು, ಮೌನವಾಗಿತ್ತು, ಅದರ ಮನೆಗೆ ಹೋಗಿ ಚಹಾ ಕುಡಿಯುವ ಪ್ರಮೇಯವಿರಲಿಲ್ಲ. ಅಂದವಾದ ಅಕ್ಷರದಲ್ಲಿ ಬರೆದುಕೊಂಡು ಹೋದೆ. ಪ್ರಿನ್ಸಿಪಾಲರು ಓದಿ, ಕನ್ನಡಕ ತೆಗೆದು, ‘ಓಝೋನ್ ನಮ್ಮ ಹೋಬಳಿಯೊಳಗ ಬರಂಗಿಲ್ಲ್ರೀ ಮೇಡಂ,’ ಎಂದರು. ಪಕ್ಕದಲ್ಲಿ ಕೂತಿದ್ದ ಇತಿಹಾಸದ ಪಾಟೀಲ ಸರ್, ‘ಕೆಂಬಾಳಿ ಮ್ಯಾಲ ಏನರೇ ಮಾಡ್ರಲ್ಲ,’ ಎಂದು ಸೂಚಿಸಿದರು. ಕಮಲಾಪುರದವರಿಗೆ ತಮ್ಮ ಕೆಂಪು ಬಾಳೆಹಣ್ಣಿನ ಅಭಿಮಾನ ಹೆಚ್ಚು. ವಾರ್ಷಿಕೋತ್ಸವವಿರಲಿ, ರಕ್ತದಾನವಿರಲಿ, ಪಾಟೀಲ ಸರ್ ಕೆಂಬಾಳೆಯನ್ನೇ ಸೂಚಿಸುತ್ತಾರೆ. ‘ಅದು ನಮ್ಮ ಹೆಸರು ರೀ ಪಾಟೀಲ್ರೆ, ಸಮಸ್ಯಾ ಅಲ್ಲ,’ ಎಂದು ಪ್ರಿನ್ಸಿಪಾಲರು ಕೈಯಾಡಿಸಿದರು. ಸೋಮವಾರವನ್ನು ಗುರುವಾರಕ್ಕೆ ಬೆಳೆಸಿ ನನ್ನನ್ನು ಕಳಿಸಿದರು.

ಆಗ ನನಗೆ ನನ್ನ ಶಾಸ್ತ್ರ ನೆನಪಾಯಿತು. ಸ್ವತಃ ಆರಿಸಲು ಬಾರದವರಿಗಾಗಿಯೇ ಅಲ್ಲವೇ ಸಮೀಕ್ಷೆಗಳಿರುವುದು? ಊರವರನ್ನೇ ಕೇಳಿ ಎಣಿಸಿದರಾಯಿತು. ಹೆಚ್ಚು ಮಂದಿ ಹೇಳಿದ್ದೇ ಸಮಸ್ಯೆ. ‘ನಿಮ್ಮ ಮನೆಯ ಸುತ್ತಲಿನ ಪರಿಸರ ಹೇಗಿದೆ? ಅದರ ಮುಖ್ಯ ತೊಂದರೆ ಏನು?’ ಎಂಬ ಎರಡೇ ಪ್ರಶ್ನೆಗಳನ್ನು ಚಕ್ಕಚಕ್ಕನೆ ಬರೆದು ಪ್ರತಿ ತೆಗೆಸಿದೆ. ಎರಡನೆಯ ವರ್ಷದ ಹುಡುಗಿಯರ ಒಂದು ತಂಡ ಮಾಡಿದೆ. ಅವರ ಮುಂದಾಳು ಸುನಂದಾ. ಕಾಲೇಜಿನ ಹಿಂದಿನ ಓಣಿಯವಳೇ, ಮನೆಮನೆಯ ಪರಿಚಯವಿದ್ದವಳು. ಅವರು ಹೋಗಿ ಬಾಯಿಂದ ಕೇಳುವುದು, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು ಬರುವುದು ಎಂದು ಗೊತ್ತಾಯಿತು. ‘ನೀವು ಬರಂಗಿಲ್ಲೇನ್ರೀ ಮೇಡಂ?’ ಎಂದು ಸುನಂದಾ ಕೇಳಿದಳು. ‘ನಾನು ಇಲ್ಲಿಂದ ಮೇಲ್ವಿಚಾರಣೆ ಮಾಡುತ್ತೇನೆ,’ ಎಂದೆ. ಮೇಲ್ವಿಚಾರಣೆಗೆ ಸ್ಟಾಫ್ ರೂಮಿನ ಫ್ಯಾನಿನ ಕೆಳಗಿನ ಜಾಗ ಪ್ರಶಸ್ತವಾಗಿತ್ತು.

ಸಂಜೆ ಹಾಳೆಗಳು ಬಂದವು. ಬಸ್ಸಿನಲ್ಲಿ ನನ್ನ ಸೀಟಿನಲ್ಲಿ ಕೂತು ಬಿಡಿಸಿ ನೋಡಿದೆ. ಪದವಿ ಓದುವ ಹುಡುಗಿಯರು, ‘ಪರಿಸರ’ ಎಂಬ ಶಬ್ದವನ್ನೇ ನೆಟ್ಟಗೆ ಬರೆದಿಲ್ಲ! ಹಾಳೆ ಹಾಳೆಯಲ್ಲೂ ‘ಪರಸಿ’, ‘ಪರಸಿ’, ‘ಪರಸಿ’. ಒಬ್ಬಳಂತೂ ‘ಪರ್ಸಿ’ ಎಂದಿದ್ದಳು. ಅಕ್ಷರದ ವಿಷಯದಲ್ಲಿ ನನ್ನ ಸ್ವಭಾವ ನಿಮಗೆ ತಿಳಿದಿದೆ. ಪರ್ಸಿನಿಂದ ಕೆಂಪು ಪೆನ್ನು ತೆಗೆದೆ. ಬಸ್ಸು ಕಲಬುರಗಿ ಮುಟ್ಟುವುದರೊಳಗೆ ಅಷ್ಟೂ ಹಾಳೆಗಳಲ್ಲಿ ‘ಪರಸಿ’ಯನ್ನು ಹೊಡೆದುಹಾಕಿ ‘ಪರಿಸರ’ ಎಂದು ತಿದ್ದಿದೆ. ಬಸ್ಸಿನ ಕುಲುಕಾಟದಲ್ಲೂ ಒಂದು ಗುಡಿಸು ತಪ್ಪಲಿಲ್ಲ.

ತಿದ್ದಿದ ಮೇಲೆ ಓದಿದೆ. ಓದುತ್ತ ಓದುತ್ತ ನನಗೆ ಕಮಲಾಪುರದವರ ಬಗ್ಗೆ ಗೌರವ ಉಕ್ಕಿ ಬಂತು. ‘ನಮ್ಮ ಪರಿಸರ ಕುಸಿದಿದೆ’ ಎಂದು ಒಂದು ಮನೆಯವರು. ‘ಪರಿಸರ ಅಲುಗಾಡುತ್ತಿದೆ, ಯಾವಾಗ ಯಾರು ಬೀಳುತ್ತಾರೋ ಹೇಳಲಾಗದು’ ಎಂದು ಇನ್ನೊಬ್ಬರು. ‘ಮಾವನವರ ಕಾಲದ ಪರಿಸರ ಗಟ್ಟಿ ಇತ್ತು, ಈಗಿನ ಪರಿಸರ ತೆಳ್ಳಗೆ’ ಎಂದು ಓದಿದಾಗ ನನಗೆ ರೋಮಾಂಚನವೇ ಆಯಿತು. ಓಝೋನ್! ಹೋಬಳಿಯೊಳಗೆ ಬರುವುದಿಲ್ಲವಂತೆ! ಒಬ್ಬ ಗೃಹಿಣಿ ‘ಪರಿಸರದ ಕೆಳಗೆ ಚೇಳುಗಳಿವೆ’ ಎಂದು ಎಚ್ಚರಿಸಿದ್ದಳು. ಇದನ್ನು ನಾನು ಎರಡು ಸಲ ಓದಿದೆ. ಎಂಥ ಪ್ರತಿಮೆ! ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕಳೆದರೂ ನನ್ನ ಬಾಯಿಂದ ಇಂಥ ಒಂದು ಮಾತು ಬಂದಿರಲಿಲ್ಲ. ‘ಸೊಸೆ ಪರಿಸರದ ಮೇಲೆ ಜಾರಿ ಬಿದ್ದು ಕೈ ಮುರಿದುಕೊಂಡಳು’ ಎಂಬ ವಾಕ್ಯ ಮಾತ್ರ ಸ್ವಲ್ಪ ತೊಡಕೆನಿಸಿತು. ಆದರೆ ಸಂಖ್ಯಾಶಾಸ್ತ್ರದಲ್ಲಿ ಗುಂಪಿನಿಂದ ದೂರ ನಿಂತ ಒಂದು ಉತ್ತರಕ್ಕೆ ತಲೆ ಕೆಡಿಸಿಕೊಳ್ಳಬಾರದು ಎಂದು ಕಲಿತಿದ್ದೆ. ಬಿಟ್ಟೆ.

ಗುರುವಾರ ಪ್ರಿನ್ಸಿಪಾಲರ ಮೇಜಿನ ಮೇಲೆ ಹಾಳೆ ಇಟ್ಟೆ. ಆರಿಸಿದ ಸಮಸ್ಯೆ: ಪರಿಸರ ಕುಸಿತ. ಅವರು ಬಾಯಲ್ಲಿ ಒಮ್ಮೆ ಆಡಿಸಿ ನೋಡಿದರು. ‘ಪರಿಸರ ಕುಸಿತ... ತೂಕ ಅದ ರೀ ಶಬ್ದಕ್ಕ,’ ಎಂದು ಸಹಿ ಹಾಕಿದರು. ಕಲಬುರಗಿಯಲ್ಲಿಯೂ ಆ ಶಬ್ದ ತೂಗಿರಬೇಕು. ಹದಿನೈದು ದಿನಕ್ಕೆ ಕಮಿಟಿಯ ಸರ್ ಒಬ್ಬರು, ಜನರ ಇಂಥ ಪ್ರಜ್ಞೆಯನ್ನು ಕಣ್ಣಾರೆ ನೋಡಬೇಕೆಂದು ಹೊರಟುಬಂದರು. ನಿವೃತ್ತ ಪ್ರಾಧ್ಯಾಪಕರು, ಬಿಳಿ ಅಂಗಿ, ಬಿಳಿ ಪ್ಯಾಂಟು, ಇಸ್ತ್ರಿಯ ಗೆರೆಯಲ್ಲಿ ಹಣ್ಣು ಹೆಚ್ಚಬಹುದಿತ್ತು. ನಾನು ಸ್ಟಾಫ್ ರೂಮಿನಲ್ಲಿ ಕೂತು ವಿವರಿಸುತ್ತೇನೆಂದೆ. ಅವರು, ‘ಮನಿಗಳಿಗೇ ಹೋಗೂಣಲ್ಲ,’ ಎಂದು ಎದ್ದೇಬಿಟ್ಟರು. ಪ್ರಿನ್ಸಿಪಾಲರೂ ಸುನಂದಾಳೂ ಜೊತೆಗೆ ಹೊರಟರು. ಹೀಗೆ ನಾನು, ನನ್ನ ಸಮೀಕ್ಷೆಯ ಓಣಿಗೆ, ಮೊದಲ ಬಾರಿಗೆ ಕಾಲಿಟ್ಟೆ.

ಮೊದಲ ಮನೆ ಭೀಮಬಾಯಿ ಎಂಬ ಮುದುಕಿಯದು. ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ನನ್ನ ಹಿಂದೆ ಕಮಿಟಿಯ ಸರ್ ಬರುತ್ತಿದ್ದಾರೆ, ಮುಂದಿನ ವರ್ಷ ಬರುತ್ತಿದೆ ಎಂಬುದೆಲ್ಲ ನನಗೆ ಒಟ್ಟಿಗೇ ಕಾಣುತ್ತಿತ್ತು. ‘ಅಮ್ಮಾ, ನಿಮ್ಮ ಪರಿಸರ ಕುಸಿದಿದೆ ಎಂದು ಹೇಳಿದ್ದಿರಲ್ಲ, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೀರಾ?’ ಎಂದೆ.

ಮುದುಕಿ ಮೊರದಿಂದ ತಲೆ ಎತ್ತದೆ, ‘ಹೇಳೂದೇನದ ಯವ್ವಾ, ನೀ ಅದರ ಮ್ಯಾಲೇ ನಿಂತೀದಿ,’ ಎಂದಳು.

ನಾನು ಕೆಳಗೆ ನೋಡಿದೆ. ಬೂದು ಬಣ್ಣದ ದೊಡ್ಡ ಚಪ್ಪಡಿಯೊಂದರ ಮೇಲೆ ನಿಂತಿದ್ದೆ. ನಮ್ಮ ಜಿಲ್ಲೆಯಲ್ಲಿ ಇಂಥ ಕಲ್ಲು ಹಾಸದ ಅಂಗಳವಿಲ್ಲ, ಓಣಿಯಿಲ್ಲ. ಗೋಡೆಗೆ, ಮಾಡಿಗೆ, ಬಚ್ಚಲಿಗೆ, ಎಲ್ಲಕ್ಕೂ ಅದೇ. ಮರಾಠಿ ಬೆರೆತ ನಮ್ಮ ಮನೆಯ ಕನ್ನಡದಲ್ಲಿ ನಾವು ಅದನ್ನು ತುಟಿ ಕಚ್ಚಿ ‘ಫರಶಿ’ ಎನ್ನುತ್ತೇವೆ. ಅದೇ ಕಲ್ಲನ್ನು ಕಮಲಾಪುರದವರು ಸರಳವಾಗಿ, ಯಾವ ತೊಂದರೆಯೂ ಇಲ್ಲದೆ, ‘ಪರಸಿ’ ಎನ್ನುತ್ತಾರೆಂದು ನನಗೆ ಆ ಗಳಿಗೆಯಲ್ಲಿ, ಆ ಕಲ್ಲಿನ ಮೇಲೆ ನಿಂತು ಹೊಳೆಯಿತು. ಹುಡುಗಿಯರು ಪರಿಸರದ ಬಗ್ಗೆ ಕೇಳಿದ್ದಾರೆ. ಜನರಿಗೆ ಪರಸಿ ಎಂದು ಕೇಳಿದೆ. ಪರಸಿಯ ಬಗ್ಗೆ ಅವರು ಹೇಳಿದ್ದರಲ್ಲಿ ಒಂದು ಸುಳ್ಳಿಲ್ಲ. ಅದು ಕುಸಿದಿತ್ತು, ಅಲುಗಾಡುತ್ತಿತ್ತು, ಮಾವನವರ ಕಾಲದ್ದು ದಪ್ಪಗಿತ್ತು. ಚೇಳುಗಳು ನಿಜವಾಗಿಯೂ ಕೆಳಗಿದ್ದವು. ಸೊಸೆ ನಿಜವಾಗಿಯೂ ಜಾರಿ ಬಿದ್ದಿದ್ದಳು. ಕೊರಳಿಗೆ ಕೈ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಚೇಳಿನ ಪ್ರತಿಮೆ ನೆನಪಾಗಿ ನಾನು ಗಾಬರಿಯಿಂದ ಕಾಲು ಹಿಂದಿಟ್ಟೆ. ಕಲ್ಲಿನ ಒಂದು ತುದಿ ಎದ್ದಿತು, ಇನ್ನೊಂದು ತುದಿ ಇಳಿಯಿತು. ಸಂದಿಯಿಂದ ಕಪ್ಪು ನೀರು ಚಿಮ್ಮಿ ನನ್ನ ಸೀರೆಯನ್ನು ಬಿಟ್ಟು ನೇರ ಕಮಿಟಿಯ ಸರ್ ಅವರ ಬಿಳಿ ಪ್ಯಾಂಟಿಗೆ ಹಾರಿತು.

ಸುನಂದಾ ನನ್ನ ಬೆನ್ನಹಿಂದೆ ಬಂದು ಪಿಸುಗುಟ್ಟಿದಳು. ‘ಮೇಡಂರೀ, ನಾವು ಪರಸಿ ಅಂತನೇ ಬರ್ದಿದ್ವಿರೀ. ನೀವೇ ಕೆಂಪ ಶಾಯಿಲೆ ತಿದ್ದೀರಿ.’

‘ಹಾಳೆ ತಿರುಗಿ ಕೊಟ್ಟಾಗಲೇ ಯಾಕೆ ಹೇಳಲಿಲ್ಲ?’

‘ನೀವು ತಿದ್ದಿದ್ದು ಇಲ್ಲೀತನಕ ಯಾವತ್ತೂ ತಪ್ಪಾಗಿದ್ದಿಲ್ಲಲ್ರೀ. ಕಲ್ಲಿಗೆ ಪುಸ್ತಕದಾಗ ಪರಿಸರ ಅಂತಾರೇನೋ ಅನ್ಕೊಂಡ್ವಿ.’

ಕಮಿಟಿಯ ಸರ್ ಪ್ಯಾಂಟು ನೋಡಿಕೊಂಡರು, ಕಲ್ಲು ನೋಡಿದರು, ನನ್ನನ್ನು ನೋಡಿದರು. ‘ಅಂದ್ರ, ಈ ಕುಸಿತ ಅನ್ನೂದು...’ ಎಂದು ನಿಲ್ಲಿಸಿದರು. ಪ್ರಿನ್ಸಿಪಾಲರಿಗೆ ಅಷ್ಟರಲ್ಲಿ ಎಲ್ಲ ತಿಳಿದುಹೋಗಿತ್ತು. ಮೂವತ್ತು ವರ್ಷ ಕಾಲೇಜು ನಡೆಸಿದ ಮನುಷ್ಯ. ಕಣ್ಣು ಮಿಟುಕಿಸದೆ, ‘ರೂಪಕ ರೀ ಸರ್,’ ಎಂದರು. ‘ಪರಸಿ ಅಂದ್ರ ಪರಿಸರದ ಒಂದು ಸಂಕೇತ. ಮೇಡಂ ಅದನ್ನ ಆ ದೃಷ್ಟಿಲೆ ತಗೊಂಡಾರ.’ ಸರ್ ಮೆಲ್ಲಗೆ ತಲೆದೂಗತೊಡಗಿದರು. ನಾನು ಏನೂ ಮಾಡಬೇಕಾಗಿರಲಿಲ್ಲ. ನನಗೆ ಸಹಜವಾಗಿಯೇ ಬರುವ ಒಂದೇ ಕೆಲಸ, ಸುಮ್ಮನಿರುವುದು, ಅದನ್ನು ಮಾಡಿದ್ದರೆ ಸಾಕಿತ್ತು. ಮುಂದಿನ ವರ್ಷ, ಬಸ್ಸು, ಕಿಟಕಿ, ತೊಗರಿ ಹೊಲ, ಎಲ್ಲವೂ ಆ ರೂಪಕದ ಕೆಳಗೆ ಸುರಕ್ಷಿತವಾಗಿದ್ದವು. ಆದರೆ ಎದುರಿಗೆ ತಪ್ಪೊಂದು ತಿದ್ದದೆ ನಿಂತಿತ್ತು.

‘ರೂಪಕ ಅಲ್ಲ ಸರ್,’ ಎಂದೆ. ‘ಅಕ್ಷರದೋಷ. ಹುಡುಗಿಯರು ಸರಿಯಾಗಿಯೇ ಬರೆದಿದ್ದರು. ನಾನು ತಪ್ಪಾಗಿ ತಿದ್ದಿದೆ. ಅಷ್ಟೂ ಹಾಳೆಗಳಲ್ಲಿ.’

ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು. ಭೀಮಬಾಯಿಗೆ ಇದಕ್ಕೆಲ್ಲ ಪುರುಸೊತ್ತಿರಲಿಲ್ಲ. ‘ಅಕ್ಷರ ಆಮ್ಯಾಲೆ ನೋಡ್ಕೋರಿ ಅಕ್ಕೋರೆ. ಮೊದಲ ಆ ಕಾಲ ತೆಗಿ. ನೀ ಆ ತುದಿ ಒತ್ತಾಕತ್ತೀದಿ, ಈ ತುದಿಗೆ ನನ್ನ ಕಟ್ಟಿತನಕ ನೀರ ಬರಾಕತ್ತಾವ!’

ನಾನು ಕಾಲು ತೆಗೆದೆ. ಕಮಿಟಿಯ ಸರ್ ಪ್ಯಾಂಟಿನ ಅಂಚು ಹಿಂಡುತ್ತ ಬಗ್ಗಿದವರು ಹಾಗೆಯೇ ಬಗ್ಗಿ, ‘ಇದ್ಯಾವ ನೀರು ಬಾಯಿ?’ ಎಂದು ಮುದುಕಿಯನ್ನು ಕೇಳಿದರು. ‘ಯಾವುದಂದ್ರ? ನಮ್ಮ ಬಚ್ಚಲದ್ದು, ಅವರ ಬಚ್ಚಲದ್ದು, ಆ ಮ್ಯಾಲಿನ ಮನಿಯವರ ಮುಸುರಿದು. ಗಟಾರ ಎಲ್ಲದ ಇಲ್ಲಿ? ಎಲ್ಲಾ ಪರಸಿ ಬುಡಕೇ ಹೋಗ್ತದ.’ ‘ಹೋಗಿ?’ ‘ಹೋಗಿ ಮಣ್ಣ ತಿಂತದ. ಪರಸಿ ಕುಸೀತದ. ಆಮ್ಯಾಲೆ ಅಲ್ಲಿ,’ ಎಂದು ಗದ್ದದಿಂದ ತೋರಿಸಿದಳು. ಹತ್ತು ಹೆಜ್ಜೆ ಆಚೆ ಓಣಿಯ ಬೋರ್‌ವೆಲ್ ಇತ್ತು. ಇಬ್ಬರು ಹೆಂಗಸರು ಕೊಡ ತುಂಬುತ್ತಿದ್ದರು.

ಕಮಿಟಿಯ ಸರ್ ಎದ್ದು ನಿಂತು ಬೋರ್‌ವೆಲ್ ನೋಡಿದರು. ‘ಸಮಸ್ಯಾ ಸಿಕ್ತಲ್ರೀ,’ ಎಂದರು. ಪ್ರಿನ್ಸಿಪಾಲರು ಕಣ್ಣು ತೆರೆದರು. ‘ಹೋಬಳಿಯೊಳಗೇ ಅದ ರೀ ಸರ್,’ ಎಂದು ತಕ್ಷಣ ಹೇಳಿದರು. ನನ್ನ ಹಾಳೆಯಲ್ಲಿ ‘ಪರಿಸರ’ ಎಂಬಲ್ಲಿ ಸರ್ ತಮ್ಮ ಪೆನ್ನಿನಿಂದ ‘ಪರಸಿ’ ಎಂದು ತಿದ್ದಿ ಸಹಿ ಹಾಕಿದರು. ನನ್ನ ಬರಹದ ಮೇಲೆ ಇನ್ನೊಬ್ಬರ ತಿದ್ದುಪಡಿ ಬಿದ್ದದ್ದು ಅದೇ ಮೊದಲು. ಆ ಲಗ್ನಪತ್ರಿಕೆಯ ಗೆಳತಿಯ ಬಗ್ಗೆ ನನಗೆ ಸ್ವಲ್ಪ ಕನಿಕರ ಬಂತು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನನ್ನ ಪಾಲು ಮುಖ್ಯವಾಗಿ ಚಹಾ ಕುಡಿಯುವುದಾಗಿತ್ತು. ಓಣಿಯವರು ಹಾರೆ ತಂದು ಕಲ್ಲುಗಳನ್ನು ಎಬ್ಬಿಸಿದರು. ಕೆಳಗಿನ ಚೇಳುಗಳ ವ್ಯವಸ್ಥೆಯನ್ನು ಭೀಮಬಾಯಿ ತಾನೇ ನೋಡಿಕೊಂಡಳು. ನಮ್ಮ ಹುಡುಗಿಯರು ದಾರ ಹಿಡಿದು ಇಳಿಜಾರು ಅಳೆದರು, ಮಣ್ಣು ತುಂಬಿ ಕಲ್ಲು ಮತ್ತೆ ಹಾಸಿದ ಮೇಲೆ ಬಚ್ಚಲ ನೀರೆಲ್ಲ ಬೋರ್‌ವೆಲ್ಲಿಗೆ ಬೆನ್ನು ಹಾಕಿ ಓಣಿಯ ಕೆಳತುದಿಯ ಖಾಲಿ ಜಾಗಕ್ಕೆ ಹರಿಯತೊಡಗಿತು. ಅಷ್ಟು ನೀರು ಕುಡಿಯಲು ಅಲ್ಲಿ ಏನು ನೆಡಬೇಕೆಂಬ ಪ್ರಶ್ನೆ ಬಂದಾಗ ಎಲ್ಲರೂ ಪಾಟೀಲ ಸರ್ ಅವರ ಕಡೆ ತಿರುಗಿದರು. ಅವರು ಇಷ್ಟು ವರ್ಷ ಕಾದವರ ಗಾಂಭೀರ್ಯದಿಂದ ಕೈಚೀಲ ಬಿಚ್ಚಿ ಕೆಂಬಾಳೆಯ ಕಂದುಗಳನ್ನು ಹೊರಗೆ ತೆಗೆದರು.

ಇದೆಲ್ಲ ಮುಗಿಯುವವರೆಗೆ ನಾನು ಪ್ರತಿ ಮನೆಗೂ ಹೋಗಬೇಕಾಯಿತು, ಪ್ರತಿ ಮನೆಯಲ್ಲೂ ಕೂರಬೇಕಾಯಿತು. ‘ಲಗ್ನ ಆಗ್ಯಾದೇನ್ರೀ?’ ‘ಇಲ್ಲ.’ ‘ಯಾಕ್ರೀ?’ ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲವಾದ್ದರಿಂದ ಓಣಿಯವರೇ ಕೂಡಿ ಒಂದು ಉತ್ತರ ಸಿದ್ಧಮಾಡಿಕೊಂಡರು. ಅದು ಏನೆಂದು ಇಂದಿಗೂ ನನಗೆ ಗೊತ್ತಿಲ್ಲ. ಹೆಂಗಸರು ನನ್ನನ್ನು ಕಂಡಾಗ ಒಂದು ಬಗೆಯ ಮರುಕದಿಂದ ಎರಡು ಚಮಚ ಸಕ್ಕರೆ ಹೆಚ್ಚು ಹಾಕುತ್ತಿದ್ದರು.

ಮುಂದಿನ ವರ್ಷಕ್ಕೂ ನನ್ನನ್ನೇ ಇಟ್ಟುಕೊಂಡರು. ‘ನಿಮ್ಮಂಥ ತಪ್ಪು ಮಾಡವ್ರು ಸಿಗೂದು ಕಷ್ಟ ರೀ ಮೇಡಂ,’ ಎಂದು ಪ್ರಿನ್ಸಿಪಾಲರು ಆದೇಶ ಕೈಗಿತ್ತರು. ಅದನ್ನು ಪರ್ಸಿನಲ್ಲಿಟ್ಟುಕೊಂಡು, ಗೆದ್ದ ಕೋಣೆಗೆ ಮರಳುವವಳ ಹಾಗೆ, ಜೂನ್ ತಿಂಗಳ ಮೊದಲ ದಿನ ಕಲಬುರಗಿಯ ನಿಲ್ದಾಣದಲ್ಲಿ ಬಸ್ಸು ಹತ್ತಿದೆ. ಕಂಡಕ್ಟರು ಬಾಗಿಲಲ್ಲೇ, ‘ಏಯ್, ಸರೀರಿ, ಪರಸಿ ಮೇಡಂ ಬಂದಾರ, ಕಿಟಕಿ ಬಿಡ್ರಿ,’ ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದ. ಇಪ್ಪತ್ತು ತಲೆಗಳು ತಿರುಗಿದವು. ನಾನು ಕೂತ ಕೂಡಲೇ ಹಿಂದಿನ ಸೀಟಿನ ಹೆಂಗಸು ಮುಂದಕ್ಕೆ ಬಾಗಿ ತಮ್ಮ ಓಣಿಯ ಕಲ್ಲಿನ ಕತೆ ಶುರುಮಾಡಿದಳು. ಮುಂದಿನ ಸೀಟಿನವನು ಅದನ್ನು ತಡೆದು ತನ್ನದನ್ನು ಹೇಳತೊಡಗಿದ. ಪಕ್ಕದಲ್ಲಿ ಒಬ್ಬ ಮುದುಕ ಬಂದು ಕೂತ. ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಎಲ್ಲ ಕೇಳಿಸಿಕೊಂಡು, ಸಾವಕಾಶವಾಗಿ ನನ್ನ ಕಡೆ ತಿರುಗಿದ.

‘ಮಂದಿ ಓಣಿ ಮಾತು ಇರಲಿ ಅಕ್ಕೋರೆ. ನಿಮ್ಮ ಮನಿಯಾಗ ಹ್ಯಾಂಗ ಅದಾವ್ರೀ ಪರಸಿ?’

ನಮ್ಮ ಹಿತ್ತಲಲ್ಲಿ, ನಲ್ಲಿಯ ಪಕ್ಕದಲ್ಲಿ, ಒಂದು ಫರಶಿ ಕುಸಿದಿದೆ. ಅಜ್ಜಿ ಸೀರೆ ಎತ್ತಿ ಹಿಡಿದು ಅದನ್ನು ದಾಟುತ್ತಾರೆ. ಕಾಕಾ ಪತ್ರಿಕೆಯಿಂದ ಕಣ್ಣು ಕೀಳದೆ ದಾಟುತ್ತಾರೆ. ನಾನು ಚಿಕ್ಕಂದಿನಿಂದ ಅಲ್ಲಿ ಎಡಗಾಲನ್ನು ತುಸು ಉದ್ದ ಹಾಕುತ್ತ ಬಂದಿದ್ದೇನೆ, ಎಷ್ಟೆಂದರೆ ಹಾಗೆ ಹಾಕುತ್ತೇನೆಂಬುದು ಆ ಮುದುಕ ಕೇಳುವವರೆಗೆ ನನಗೇ ತಿಳಿದಿರಲಿಲ್ಲ.

‘ಛಲೋ ಅದಾವ್ರೀ,’ ಎಂದು ಹೇಳಿ ಕಿಟಕಿಯ ಹೊರಗೆ ನೋಡತೊಡಗಿದೆ. ನೋಡುವುದಕ್ಕೇನೂ ಇರಲಿಲ್ಲ. ಬಸ್ಸು ಇನ್ನೂ ನಿಲ್ದಾಣದಲ್ಲೇ ನಿಂತಿತ್ತು.